ನೆಲದೊಳಗಿನ ಉಸಿರು
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ಮುಂಬಯಿಯಲ್ಲಿ ಕಫ್ ಪರೇಡಿನಿಂದ ಆರೆಯವರೆಗಿನ 33.5 ಕಿಲೋಮೀಟರ್ ಮೆಟ್ರೋ ಮಾರ್ಗವು 2025ರಲ್ಲಿ ಪೂರ್ಣವಾಗಿ ತೆರೆಯಿತು. ಅದರ 27 ನಿಲ್ದಾಣಗಳಲ್ಲಿ 26 ನೆಲದ ಕೆಳಗಿವೆ. ನಾವು ತಂಪು ಗಾಳಿಯಲ್ಲಿ ಅರ್ಧ ತಾಸು ಕುಳಿತು ಮೇಲೆ ಬರುತ್ತೇವೆ. ಆದರೆ ಇಂತಹ ಸುರಂಗಗಳನ್ನು ಕೊರೆಯುವವರು ದಿನವೆಲ್ಲ ಕೆಳಗೇ ಇರುತ್ತಾರೆ. ಅವರ ಆರೋಗ್ಯವೇ ಇಂದಿನ ವಿಷಯ.

ಈ ಪಾಠವನ್ನು ಕನ್ನಡನಾಡು ಕೋಲಾರದ ಚಿನ್ನದ ಗಣಿಯಲ್ಲಿ ಬಹಳ ಬೆಲೆ ತೆತ್ತು ಕಲಿತಿದೆ. 2001ರಲ್ಲಿ ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಇಳಿದಷ್ಟೂ ಬಂಡೆ ಬಿಸಿ. ಆದರೂ ಸೆಖೆ ಮೈಗೆ ತಿಳಿಯುತ್ತದೆ, ಧೂಳು ತಿಳಿಯುವುದಿಲ್ಲ. ಕಲ್ಲು ಕೊರೆಯುವಾಗ ಏಳುವ ಸಿಲಿಕಾದ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶವನ್ನು ಸೇರಿ ಅದನ್ನು ಗಡುಸಾಗಿಸುತ್ತವೆ. ಇದೇ ಸಿಲಿಕೋಸಿಸ್. ಏದುಸಿರು ಸಾಮಾನ್ಯವಾಗಿ ಎಷ್ಟೋ ವರ್ಷಗಳ ಮೇಲೆ ತೋರುತ್ತದೆ, ಕ್ಷಯಕ್ಕೂ ದಾರಿಯಾಗುತ್ತದೆ. ಗುಣಪಡಿಸುವ ಔಷಧ ಇಂದಿಗೂ ಇಲ್ಲ. ತಡೆಯುವ ಉಪಾಯ ಮಾತ್ರ ಉಂಟು.

ಕೊರೆಯುವಲ್ಲಿ ನೀರು ಹಾಯಿಸಬೇಕು, ಧೂಳನ್ನು ಯಂತ್ರದಿಂದ ಹೊರಕ್ಕೆಳೆಯಬೇಕು, ತಕ್ಕ ಮುಖಕವಚ ಕೊಡಬೇಕು, ಕಾಲಕಾಲಕ್ಕೆ ಎದೆಯ ಎಕ್ಸ್-ರೇ ತೆಗೆಸಬೇಕು. ಮೂಗಿಗೆ ಟವಲು ಕಟ್ಟಿಕೊಂಡರೆ ಸಾಲದು.

ಸುರಂಗದಲ್ಲಿ ದುಡಿಯುವ ನಮ್ಮವರು ಈ ವಾಚನಾಲಯಕ್ಕೆ ಪತ್ರಿಕೆ ಓದಲು ಬಂದರೆ, "ಎಕ್ಸ್-ರೇ ಯಾವಾಗ ತೆಗೆಸಿದಿರಿ?" ಎಂದು ದಯಮಾಡಿ ಕೇಳಿರಿ. ಬಿಡದ ಕೆಮ್ಮಿದ್ದರೆ, ಕಲ್ಲು ಕೊರೆಯುವ ಕೆಲಸ ಎಷ್ಟು ವರ್ಷ ಮಾಡಿದೆವೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಲು ಹೇಳಿರಿ. ಅದನ್ನು ಹೇಳದಿದ್ದರೆ ರೋಗವನ್ನು ಬರಿಯ ಕ್ಷಯವೆಂದು ಎಣಿಸುವ ಅಪಾಯವಿದೆ.