ದಣಿವೆಂಬ ಸಂಚಾರಿ



ವ್ಯಾಯಾಮವನ್ನು ಕುರಿತು ಮಾತನಾಡಲು ಕನ್ನಡದ ಮೇಷ್ಟರಿಗೆ ಏನು ಅಧಿಕಾರವೆಂದು ನೀವು ಕೇಳಬಹುದು. ನಿವೃತ್ತನಾದ ವರ್ಷವೇ ವೈದ್ಯರು ನನ್ನ ರಕ್ತದಲ್ಲಿ ಸಕ್ಕರೆ ಮಿತಿಮೀರಿರುವುದನ್ನು ಕಂಡು, ಔಷಧದೊಡನೆ ದಿನವೂ ಮೈ ಬೆವರುವಷ್ಟು ನಡೆಯಬೇಕೆಂದು ವಿಧಿಸಿದರು. ಆ ಅಪ್ಪಣೆಯೇ ನನ್ನ ಅಧಿಕಾರಪತ್ರ. ನನ್ನ ಓರಗೆಯವರಲ್ಲಿ ಇದೇ ಅಪ್ಪಣೆ ಪಡೆದವರು ಹಲವರಿದ್ದರು. ಕೆಲವರು ಮೂರೇ ತಿಂಗಳಲ್ಲಿ ಕೈಬಿಟ್ಟರು. ಈಗ ಸ್ವಂತ ಮನೆಯ ಮಹಡಿಯನ್ನು ಹತ್ತಲಾರದೆ ಹಾಸಿಗೆಯನ್ನು ಕೆಳಗಿನ ಕೋಣೆಗೆ ಇಳಿಸಿಕೊಂಡಿದ್ದಾರೆ. ಅವರ ಕಾಲುಗಳು ನನ್ನವಕ್ಕಿಂತ ದುರ್ಬಲವಾಗಿದ್ದವೆಂದು ನನಗೆ ತೋರುವುದಿಲ್ಲ. ಸೋತದ್ದು ಮನಸ್ಸು.

ನಮ್ಮ ಕಾವ್ಯಮೀಮಾಂಸೆಯಲ್ಲಿ ವೀರರಸಕ್ಕೆ ಉತ್ಸಾಹವೇ ಸ್ಥಾಯಿಭಾವ. ಶ್ರಮ, ಗ್ಲಾನಿ, ಆಲಸ್ಯಗಳನ್ನು ಭರತನು ಮೂವತ್ತಮೂರು ಸಂಚಾರಿಭಾವಗಳ ಸಾಲಿನಲ್ಲಿ ಇರಿಸಿದ್ದಾನೆ. ಸಂಚಾರಿಯೆಂದರೆ ಬಂದು ಹೋಗುವಂಥದು, ನೆಲೆ ನಿಲ್ಲದ್ದು. ರಂಗಭೂಮಿಗಾಗಿ ಹುಟ್ಟಿದ ಈ ವಿಂಗಡಣೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ವಿವರಿಸಿದವನು ನಾನು. ಅದರ ಸಾರ ಮೊಣಕಾಲಿಗೆ ಮುಟ್ಟಿದ್ದು ಮಾತ್ರ ಚಾಮುಂಡಿಬೆಟ್ಟದ ಮೆಟ್ಟಿಲುಗಳ ಮೇಲೆ.

ದೊಡ್ಡದೇವರಾಜ ಒಡೆಯರ (1659–1673) ಕಾಲದ ಆ ಸಾವಿರ ಮೆಟ್ಟಿಲುಗಳಲ್ಲಿ ಇನ್ನೂರನ್ನು ದಾಟುವ ಹೊತ್ತಿಗೆ ನನ್ನ ಉಸಿರು ಬಿಗಿಯುತ್ತದೆ. ‘ಸಾಕು, ಹಿಂದಿರುಗು’ ಎಂಬ ಒಳದನಿ ಅಲ್ಲಿಯೇ ಏಳುತ್ತದೆ. ಮುನ್ನೂರೈವತ್ತರ ಆಚೆಗೆ ಆ ದನಿ ತಾನಾಗಿ ತಗ್ಗುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಸ್ನಾಯುಗಳು ಥಟ್ಟನೆ ದುಡಿಮೆಗೆ ಇಳಿಯುತ್ತವೆ. ಅವು ಬೇಡುವಷ್ಟು ಪ್ರಾಣವಾಯುವನ್ನು ಒದಗಿಸಲು ಹೃದಯ, ಶ್ವಾಸಕೋಶಗಳಿಗೆ ಕೆಲವು ನಿಮಿಷಗಳ ಅವಕಾಶ ಬೇಕು. ಆ ಅಂತರದಲ್ಲಿ ಕೇಳುವ ದನಿಯನ್ನು ತೀರ್ಪೆಂದು ಭಾವಿಸಿದವನು ಮನೆಗೆ ಮರಳುತ್ತಾನೆ. ಮನಸ್ಸಿನ ಉಪಾಯಗಳೆಲ್ಲ ಆ ಕೆಲವು ನಿಮಿಷಗಳನ್ನು ಕಳೆಯುವುದಕ್ಕಾಗಿಯೇ ಇವೆಯೆಂದು ನನ್ನ ಅಭಿಪ್ರಾಯ.

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಗರಡಿಮನೆಯಲ್ಲಿ ಉಸ್ತಾದರೊಬ್ಬರಿದ್ದರು. ಸಾಮು ಮಾಡಲು ಬಂದ ಹುಡುಗರಿಗೆ ಬಸ್ಕಿ ಹೊಡೆಸುವಾಗ ಅವರು ಇಪ್ಪತ್ತರ ಆಚೆಗೆ ಎಣಿಸುತ್ತಲೇ ಇರಲಿಲ್ಲ. ಇಪ್ಪತ್ತಾದೊಡನೆ ಒಂದು ಹುಣಿಸೆಬೀಜವನ್ನು ಎಡಗಡೆಯಿಂದ ಬಲಗಡೆಗೆ ಸರಿಸಿ ಮತ್ತೆ ‘ಒಂದು’ ಎನ್ನುವರು. “ಇನ್ನೆಷ್ಟು ಉಸ್ತಾದ್?” ಎಂದು ಯಾರಾದರೂ ಏದುಸಿರಿನಲ್ಲಿ ಕೇಳಿದರೆ ಸಿದ್ಧವಾಗಿದ್ದ ಉತ್ತರ, “ಇಪ್ಪತ್ತೇ ಕಣಪ್ಪ.” ಅದು ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ. ಇನ್ನೂರೆಂಬ ಸಂಖ್ಯೆಗೆ ಕಾಲಿಗಿಂತ ಮೊದಲು ಎದೆ ಕುಸಿಯುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಸ್ಥಾಪಿಸಿದ ಪೌಲಾ ರಾಡ್‌ಕ್ಲಿಫ್ ಕೂಡ ಓಟ ಕಠಿನವಾದಾಗ ನೂರರವರೆಗೆ ಎಣಿಸುತ್ತಿದ್ದರಂತೆ. ಮೂರು ಬಾರಿ ಎಣಿಸಿದರೆ ಸುಮಾರು ಒಂದು ಮೈಲಿ. ನಮ್ಮ ಉಸ್ತಾದರು ಕೇಳಿದ್ದರೆ ಮೀಸೆ ತಿರುವುತ್ತಿದ್ದರು.

ಬೆಟ್ಟದ ಮೇಲೆ ಇನ್ನೊಂದು ದೃಶ್ಯವನ್ನು ಕಾಣುತ್ತೇನೆ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಏರುತ್ತಾರೆ. ನನ್ನ ಏರಿಕೆಗಿಂತ ಅವರದು ಎಷ್ಟೋ ಕಠಿನ. ಆದರೂ ಅವರಿಗೆ ಸಾವಿರ ಮೆಟ್ಟಿಲಿಲ್ಲ. ಇರುವುದು ಕುಂಕುಮ ಕಾಯುತ್ತಿರುವ ಒಂದು ಮೆಟ್ಟಿಲು. ಅದನ್ನು ಉಪಾಯವೆಂದು ನಾನು ಕರೆದರೆ ಅವರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಹರಕೆಯಿಲ್ಲದ ನಾನು ಬೇರೆ ದಾರಿ ಹಿಡಿದಿದ್ದೇನೆ: ನನ್ನನ್ನು ನಾನೇ ಬಹುವಚನದಲ್ಲಿ ಸಂಬೋಧಿಸಿಕೊಳ್ಳುವುದು. “ಮೇಷ್ಟರೇ, ಆ ತಿರುವಿನವರೆಗೆ ದಯಮಾಡಿಸಬೇಕು.” ಏಕವಚನದಲ್ಲಿ ಗದರಿದರೆ ಮನಸ್ಸು ತಿರುಗಿ ಬೀಳುತ್ತದೆ, ಇಷ್ಟು ಮರ್ಯಾದೆಯಿಂದ ಕರೆದಾಗ ಒಲ್ಲೆನ್ನಲು ಅದಕ್ಕೇ ಸಂಕೋಚ.

ಆದರೆ ಮನಸ್ಸನ್ನು ಬೇರೆಡೆಗೆ ತಿರುಗಿಸುವುದೇ ಸರ್ವಸ್ವವಲ್ಲ. ಅಮೆರಿಕದ ವಿಲಿಯಂ ಮಾರ್ಗನ್ ಮತ್ತು ಮೈಕೆಲ್ ಪೊಲಾಕ್ ಎಂಬ ವಿದ್ವಾಂಸರು ದೂರದ ಓಟಗಾರರನ್ನು ವಿಚಾರಿಸಿ 1977ರಲ್ಲಿ ಒಂದು ಕುತೂಹಲಕರ ಸಂಗತಿಯನ್ನು ಪ್ರಕಟಿಸಿದರು. ಸಾಮಾನ್ಯ ಓಟಗಾರರು ನೋವನ್ನು ಮರೆಯಲು ಹಾಡು, ಹಳೆಯ ನೆನಪು, ಲೆಕ್ಕಾಚಾರಗಳಲ್ಲಿ ತೊಡಗುತ್ತಿದ್ದರು. ಅಗ್ರಶ್ರೇಣಿಯವರಾದರೋ ಉಸಿರು, ಕಾಲು, ವೇಗಗಳನ್ನೇ ಗಮನಿಸುತ್ತಿದ್ದರು. ಭುಜ ಬಿಗಿದಿದ್ದರೆ ಸಡಿಲಿಸಿಕೊಳ್ಳುತ್ತಿದ್ದರು. ಈ ಎರಡು ಮಾರ್ಗಗಳಿಗೂ ನನ್ನಂಥವರಲ್ಲಿ ಸ್ಥಳವಿದೆ. ಆರಂಭದ ಬಿಗಿಯನ್ನು ಎಣಿಕೆಯಿಂದ ದಾಟಿಸುತ್ತೇನೆ. ನಂದಿಯ ಹತ್ತಿರಕ್ಕೆ ಬಂದಾಗ ಎಣಿಕೆ ಬಿಟ್ಟು ಉಸಿರಿಗೆ ಕಿವಿಗೊಡುತ್ತೇನೆ. ಆ ಹೊತ್ತಿಗೆ ಅದು ದೂರುವುದನ್ನು ಬಿಟ್ಟು ವರದಿ ಒಪ್ಪಿಸತೊಡಗಿರುತ್ತದೆ.

ಮನಸ್ಸು ಮೊದಲೇ ದಣಿದಿದ್ದರೆ ಮಾತ್ರ ಯಾವ ಉಪಾಯವೂ ನಾಟುವುದಿಲ್ಲ. ಸ್ಯಾಮುಯೆಲೆ ಮಾರ್ಕೋರ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಮಂದಿ ಭಾಗವಹಿಸಿದ್ದರು. ತೊಂಬತ್ತು ನಿಮಿಷ ಏಕಾಗ್ರತೆ ಬೇಡುವ ಕೆಲಸ ಮಾಡಿ ಅನಂತರ ಸ್ಥಿರ ಸೈಕಲ್ಲು ತುಳಿದಾಗ ಅವರು ಸರಾಸರಿ ಎರಡು ನಿಮಿಷದಷ್ಟು ಬೇಗನೆ ಕೈಚೆಲ್ಲಿದರು. ಹೃದಯ ಸೋತಿರಲಿಲ್ಲ, ಅದೇ ದುಡಿಮೆ ಹೆಚ್ಚು ಭಾರವೆನಿಸಿತ್ತು. ದಿನವೆಲ್ಲ ಉತ್ತರಪತ್ರಿಕೆಗಳನ್ನು ತಿದ್ದಿ ಸಂಜೆ ನಡೆಯಲು ಹೊರಟವರಿಗೆ ಇದು ಹೊಸ ಸುದ್ದಿಯೇನಲ್ಲ. ಆದುದರಿಂದಲೇ ನಾನು ಬೆಟ್ಟಕ್ಕೆ ಹೋಗುವುದು ಬೆಳಗಿನ ಜಾವ, ಪತ್ರಿಕೆ ಬರುವುದಕ್ಕೆ ಮೊದಲು, ಮೊಬೈಲು ಫೋನನ್ನು ಮುಟ್ಟದೆ.

ಎಲ್ಲ ದಣಿವೂ ಸಂಚಾರಿಯಲ್ಲವೆಂಬುದನ್ನು ನನ್ನ ವಯಸ್ಸಿನವರು ಗಮನಿಸಬೇಕು. ಎದೆ ಹಿಂಡಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಿಯುವುದು, ಕಣ್ಣು ಕತ್ತಲೆಗಟ್ಟುವುದು, ತಣ್ಣನೆಯ ಬೆವರು — ಇವುಗಳೊಡನೆ ಉಪಾಯ ಹೂಡಲಾಗದು. ಅಲ್ಲಿಯೇ ಕುಳಿತುಬಿಡಬೇಕು, ಪಕ್ಕದವರನ್ನು ಕೂಗಿ ಕರೆಯಬೇಕು, ತಡಮಾಡದೆ ಆಸ್ಪತ್ರೆಯನ್ನು ಸೇರಬೇಕು. ಉಳಿದ ಮೆಟ್ಟಿಲುಗಳು ಮುನ್ನೂರೈವತ್ತು ವರ್ಷದಿಂದ ಅಲ್ಲಿಯೇ ಇವೆ.