ಬಾಂಡ್ ಪೇಪರಿನ ಸೋಡಚೀಟಿ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಕೊಪ್ಪಳದ ವಕೀಲರೊಬ್ಬರು ಮಾಡಿದ ಉಪನ್ಯಾಸ)



ಮಠದ ವೇದಿಕೆಯಲ್ಲಿ ಲಗ್ನದ ಬಗ್ಗೆ ಮಾತಾಡುವವರು ಬಹಳ ಜನ ಸಿಗುತ್ತಾರೆ. ಲಗ್ನ ಮುರಿಯುವ ಕಾಯ್ದೆ ಹೇಳು ಎಂದು ಪೂಜ್ಯರು ಅಪ್ಪಣೆ ಮಾಡಿದಾಗ ಹಿಂಜರಿದೆ. ಆಮೇಲೆ ನನ್ನದೇ ಒಂದು ತಪ್ಪು ನೆನಪಾಯಿತು. ಅದನ್ನೇ ಹೇಳುತ್ತೇನೆ.

ಇಪ್ಪತ್ತೈದು ವರ್ಷಗಳ ಹಿಂದೆ ಕುಷ್ಟಗಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಒಂದು ಸಂಜೆ ನಮ್ಮ ಸಮಾಜದವರೇ ಆದ ಐದು ಜನ ಹಿರಿಯರು ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. "ಇಬ್ಬರಿಗೂ ಕೂಡಿ ಬರಲಿಲ್ರಿ, ಒಂದು ಸೋಡಚೀಟಿ ಬರದುಬಿಡ್ರಿ" ಎಂದರು. ಒಬ್ಬರ ಮೇಲೊಬ್ಬರಿಗೆ ಹಕ್ಕಿಲ್ಲ, ಬೇರೆ ಲಗ್ನಕ್ಕೆ ತಕರಾರಿಲ್ಲ ಎಂದು ಬಾಂಡ್ ಪೇಪರಿನ ಮೇಲೆ ಬರೆದೆ. ಐವರೂ ಸಹಿ ಹಾಕಿದರು. ಹುಡುಗಿ ಹೆಬ್ಬೆಟ್ಟು ಒತ್ತಿದಳು. ಕೆಳಗೆ 'ಬರೆದವರು' ಎಂದು ನನ್ನ ಹೆಸರು. ಆಕೆ ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ಆಕೆಯನ್ನು ಉಡಕಿ ಮಾಡಿಕೊಟ್ಟರು. ಎರಡು ಮಕ್ಕಳಾದವು. ಆ ಗಂಡ ತೀರಿಕೊಂಡ ಮೇಲೆ, ಹೊಲಕ್ಕೆ ಹೆಸರು ಹಚ್ಚಿಸಲು ಹೋದಾಗ ಮೈದುನರು ತಕರಾರು ತೆಗೆದರು: "ಮೊದಲಿನ ಗಂಡ ಬದುಕ್ಯಾನ, ಕೋರ್ಟಿನ ಡಿಕ್ರಿ ಇಲ್ಲ, ಈಕಿ ನಮ್ಮಣ್ಣನ ಹೇಣ್ತಿನೇ ಅಲ್ಲ."

ನನ್ನ ಕೈಬರಹ ಕೋರ್ಟಿನಲ್ಲಿ ನಿಶಾನೆಯಾಯಿತು. ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯ ಬಿಡುಗಡೆಯನ್ನು ಉಳಿಸಿದೆ, ನಿಜ. ಆದರೆ ಆ ರೂಢಿ ನಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ದಾವೆಯಲ್ಲಿ ಸ್ಪಷ್ಟವಾಗಿ ಹೇಳಬೇಕು, ಸಾಕ್ಷಿ ಹಾಕಿ ಸಾಬೀತು ಮಾಡಬೇಕು. ಸುಪ್ರೀಂ ಕೋರ್ಟ್ 2002ರ ತೀರ್ಪೊಂದರಲ್ಲಿ ಇದನ್ನೇ ಹೇಳಿತು. ನಮ್ಮ ಐದು ಹಿರಿಯರಲ್ಲಿ ಇಬ್ಬರು ಲಿಂಗೈಕ್ಯರಾಗಿದ್ದರು, ಒಬ್ಬರಿಗೆ ನೆನಪು ಹೋಗಿತ್ತು. ಉಳಿದಿಬ್ಬರು ಕಟಕಟೆಯಲ್ಲಿ ನಿಂತು, "ನಮ್ಮ ಮನೆತನಗಳಲ್ಲಿ ಅಂಥ ಪದ್ಧತಿ ಇಲ್ಲ" ಎಂದರು. ಸಹಿ ಮಾಡುವಾಗ ಇದ್ದ ಪದ್ಧತಿ ಸಾಕ್ಷಿ ಹೇಳುವಾಗ ಮಾಯವಾಗಿತ್ತು! ಎರಡನೆಯ ಲಗ್ನ ಶೂನ್ಯವೆಂದಾಯಿತು. 16ನೇ ಕಲಮು ಇದ್ದದ್ದರಿಂದ ಮಕ್ಕಳಿಗೆ ತಂದೆಯ ಪಾಲು ಉಳಿಯಿತು. ತಾಯಿಗೆ ಏನೂ ದಕ್ಕಲಿಲ್ಲ. ಮೊದಲಿನ ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತ, ಮತ್ತೊಂದು ಲಗ್ನವಾಗಿ ಆರಾಮಾಗಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಕೆಲವು ತರುಣರು ಕೇಳುತ್ತಾರೆ: ನಮ್ಮದು ಸ್ವತಂತ್ರ ಧರ್ಮ, ಹಿಂದೂ ಕಾಯ್ದೆ ನಮಗೇಕೆ? 1955ರ ಆ ಕಾಯ್ದೆಯ 2ನೇ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಬೌದ್ಧ, ಜೈನ, ಸಿಖ್ಖರಿಗೂ ಇದೇ ಕಾಯ್ದೆ ನಡೆಯುತ್ತದೆ. ಅವರ ಧರ್ಮ ಬೇರೆಯಲ್ಲವೇ? ಆ ಚರ್ಚೆ ಬೇರೆ ದಿನ ಮಾಡೋಣ. ಮುಂಬಯಿ ಪ್ರಾಂತದಲ್ಲಿದ್ದ ಗದಗಿನವರಿಗೆ 1947ರಲ್ಲೇ, ಮದ್ರಾಸಿನಲ್ಲಿದ್ದ ಬಳ್ಳಾರಿಯವರಿಗೆ 1949ರಲ್ಲೇ ವಿಚ್ಛೇದನದ ಕಾನೂನು ಬಂದಿತ್ತು. ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದೂ ಎಪ್ಪತ್ತು ವರ್ಷವಾಯಿತು. ನಮ್ಮಲ್ಲಿ ಇನ್ನೂ ಬಾಂಡ್ ಪೇಪರ್ ನಡೆದಿದೆ.

ಇಬ್ಬರೂ ಒಪ್ಪಿದ್ದರೆ ದಾರಿ ಕಠಿಣವೇನಲ್ಲ. ಒಂದು ವರ್ಷ ಬೇರೆ ಇದ್ದವರು 13ಬಿ ಕಲಮಿನಡಿ ಕೂಡಿ ಅರ್ಜಿ ಹಾಕಬಹುದು. ಆರು ತಿಂಗಳ ನಂತರ ಕೋರ್ಟು ಮತ್ತೆ ಕರೆದು ಕೇಳುತ್ತದೆ. ರಾಜಿಗೆ ದಾರಿಯೇ ಇಲ್ಲದಿದ್ದರೆ ಆ ಆರು ತಿಂಗಳನ್ನು ಬಿಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು ಮುಂತಾದ ಕಾರಣವನ್ನು ಸಾಬೀತು ಮಾಡಬೇಕು. ಅದಕ್ಕೆ ಕಾಲ ಹಿಡಿಯುತ್ತದೆ. 2003ರ ತಿದ್ದುಪಡಿಯಿಂದ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಗಂಡ ದುಡಿಯಲು ಗೋವೆಗೆ ಹೋಗಿದ್ದರೆ ಆಕೆ ಅಲ್ಲಿಗೆ ಅಲೆಯಬೇಕಾಗಿಲ್ಲ. ಕೇಸು ನಡೆಯುವಾಗಲೇ 24ನೇ ಕಲಮಿನಡಿ ಖರ್ಚು, ಜೀವನಾಂಶ ಕೇಳಬಹುದು. ಡಿಕ್ರಿ ಆದಮೇಲೂ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಮತ್ತೆ ಲಗ್ನ ಮಾಡಿಕೊಳ್ಳಬಾರದು.

ಇನ್ನೊಂದು ಮಾತು, ಮಠಗಳಿಗೆ. ಲಗ್ನವಾಗಿತ್ತೆಂದು ತೋರಿಸಲಾಗದೆ ಒದ್ದಾಡುವವರು ನನ್ನಲ್ಲಿಗೆ ಬರುತ್ತಾರೆ. ಸಾಮೂಹಿಕ ವಿವಾಹದ ಚಪ್ಪರದಲ್ಲಿಯೇ ನೋಂದಣಿಯ ಅರ್ಜಿ ತುಂಬಿಸಿಬಿಟ್ಟರೆ ಎಷ್ಟೋ ತಾಪತ್ರಯ ತಪ್ಪುತ್ತದೆ.

ಇಲ್ಲಿ ಕೂತ ಹಿರಿಯರಲ್ಲಿ ಅನೇಕರು ನಿಮ್ಮ ಊರಿನ ಪಂಚರು. ನ್ಯಾಯ ಮಾಡಿ, ಬುದ್ಧಿ ಹೇಳಿ, ಕೂಡಿಸಲು ನೋಡಿ. ಕೂಡದಿದ್ದರೆ ಸಹಿ ಮಾತ್ರ ಹಾಕಬೇಡಿರಿ. ಇಬ್ಬರನ್ನೂ ಕೋರ್ಟಿಗೆ ಕಳಿಸಿರಿ. ವಕೀಲರ ಫೀಸಿಗೆ ದುಡ್ಡಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣುಮಗಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೊಪ್ಪಳದಲ್ಲಿ ಜಿಲ್ಲಾ ಪ್ರಾಧಿಕಾರವನ್ನು, ತಾಲ್ಲೂಕುಗಳಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿರಿ.

ಆ ಸೋಡಚೀಟಿಯ ಝೆರಾಕ್ಸ್ ನನ್ನ ಚೀಲದಲ್ಲಿದೆ. ಹೆಸರುಗಳನ್ನು ಮುಚ್ಚಿದ್ದೇನೆ, ನನ್ನ ಹೆಸರನ್ನು ಬಿಟ್ಟು. ನೋಡಬೇಕೆನ್ನುವವರು ದಾಸೋಹದಲ್ಲಿ ನನ್ನ ಹತ್ತಿರ ಕೂಡಿರಿ, ತೋರಿಸುತ್ತೇನೆ.