ಬಿಸಿಲು ಎಲ್ಲರದು, ಮಾಳಿಗೆ ಯಾರದು?

(ರಾಜೂರದಲ್ಲಿ ನಡೆದ ಪಕ್ಷದ ಸಭೆಯಲ್ಲಿ ಮಾಡಿದ ಭಾಷಣ)



ಕೇಂದ್ರ ಸರಕಾರವು 2024ರ ಫೆಬ್ರುವರಿಯಲ್ಲಿ ಸಾರಿದ ಸೂರ್ಯಘರ್ ಯೋಜನೆ ನಿಮ್ಮ ಕಿವಿಗೂ ಬಿದ್ದಿದೆಯಷ್ಟೆ. ಮನೆಯ ಮೇಲೆ ಸೌರ ಫಲಕ ಕೂಡ್ರಿಸಿದರೆ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರು ಕಿಲೋವಾಟಿಗೆ ಒಟ್ಟು 78,000 ರೂಪಾಯಿ ಸಹಾಯಧನ. ಬಿಸಿಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಬರವಿರುವುದು ಗಟ್ಟಿ ಮಾಳಿಗೆಗೆ.

ಒಂದು ಕಿಲೋವಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ಫಲಕದ ಭಾರ ಬಹಳವೇನಲ್ಲ, ಹೆದರಬೇಕಾದದ್ದು ಗಾಳಿಗೆ. ಗಜೇಂದ್ರಗಡದ ಗುಡ್ಡದ ಮೇಲೆ ಕಂಪನಿಗಳು ಗಾಳಿಯಂತ್ರ ನೆಟ್ಟದ್ದು ಸುಮ್ಮನೆ ಅಲ್ಲ. ಅದೇ ಗಾಳಿ ಓರೆಯಾಗಿ ನಿಂತ ಫಲಕದ ಅಡಿಗೆ ಹೊಕ್ಕರೆ ಮೊರದಂತೆ ಎತ್ತಿ ಒಗೆದೀತು. ಇದಕ್ಕೆಂದೇ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ, ಗಾಳಿಯ ಒತ್ತಡದ ಲೆಕ್ಕಕ್ಕೆ ಭಾರತೀಯ ಮಾನಕ 875ರ ಮೂರನೆಯ ಭಾಗವೂ ಇವೆ. ಸಿಮೆಂಟಿನ ಮಾಳಿಗೆಯಾದರೆ ಬೋಲ್ಟು ಹಿಡಿಯುತ್ತದೆ. ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆಯಲ್ಲಿ ಅದು ಎಲ್ಲಿ ಕಚ್ಚೀತು? ಬೋಲ್ಟಿನ ಬದಲು ಸಿಮೆಂಟಿನ ದಿಂಡು ಹೇರಿದರೆ, ಮಳೆಗೆ ನೆನೆದ ಮಣ್ಣಿನ ಭಾರದ ಜೊತೆಗೆ ಅದನ್ನೂ ಗೆದ್ದಲು ತಿಂದ ಜಂತಿಯೇ ಹೊರಬೇಕು. ಕೆಳಗೆ ಮಲಗುವವರು ನಮ್ಮ ಮಕ್ಕಳು.

ಸಂಹಿತೆ ತಾನಾಗಿಯೇ ಕಾನೂನಲ್ಲ. ಸರಕಾರ, ಸ್ಥಳೀಯ ಸಂಸ್ಥೆಗಳು ಅದನ್ನು ತಮ್ಮ ನಿಯಮಗಳಲ್ಲಿ ಸೇರಿಸಬೇಕು. ಹಳ್ಳಿಯಲ್ಲಿ ಕಟ್ಟಡದ ಅಪ್ಪಣೆ 1993ರ ಪಂಚಾಯತ ರಾಜ ಕಾಯದೆಯಂತೆ ಗ್ರಾಮ ಪಂಚಾಯತಿಯದು. ಇತ್ತ 2024ರಲ್ಲಿ ತಿದ್ದಿದ ವಿದ್ಯುತ್ ನಿಯಮಗಳು 10 ಕಿಲೋವಾಟಿನವರೆಗಿನ ಅರ್ಜಿಗಳಿಗೆ ತಾಂತ್ರಿಕ ಪರಿಶೀಲನೆಯನ್ನೇ ಬಿಟ್ಟುಕೊಟ್ಟವು. ಬಡವನ ಓಡಾಟ ಉಳಿಯಿತು, ಒಳ್ಳೆಯದೇ. ಆದರೆ ಆ ಪರಿಶೀಲನೆಯಾದರೂ ತಂತಿ, ಟ್ರಾನ್ಸ್‌ಫಾರ್ಮರುಗಳದಾಗಿತ್ತು, ಜಂತಿಯದಲ್ಲ. ಜಂತಿಯನ್ನು ನೋಡುವ ಕೆಲಸ ಕಡೆಗೆ ಫಲಕ ಮಾರುವವನ ಪಾಲಿಗೇ ಬೀಳುತ್ತದೆ. ತಕ್ಕಡಿಯನ್ನು ಮಾರುವವನ ಕೈಗೆ ಕೊಟ್ಟು ತೂಕದ ಇನ್ಸ್‌ಪೆಕ್ಟರನನ್ನು ಮನೆಗೆ ಕಳಿಸಿದರೆ ಏನಾಗುತ್ತದೆಂಬುದು ನಮ್ಮ ಅಂಗಡಿಕಾರ ಮಿತ್ರರಿಗೆ ಚೆನ್ನಾಗಿ ಗೊತ್ತು!

ಇನ್ನು ಬಾಡಿಗೆಯ ಖೋಲಿಯಲ್ಲಿರುವ ಗಿರಣಿ ಕೆಲಸಗಾರನಿಗೆ ಮಾಳಿಗೆಯೇ ಸ್ವಂತದ್ದಲ್ಲ. ಸಹಾಯಧನ ದೂರದ ಮಾತು.

ಆದ್ದರಿಂದ ನಾವು ಕೇಳುವುದಿಷ್ಟು: ಅರ್ಜಿ ಹಾಕಿದ ಪ್ರತಿ ಮನೆಯ ಮಾಳಿಗೆಯನ್ನು ಸರಕಾರಿ ಎಂಜಿನಿಯರರು ಬಿಡಿಗಾಸೂ ಪಡೆಯದೆ ನೋಡಿ, ಸಹಿ ಹಾಕಿ ಬರೆದುಕೊಡಬೇಕು. ಮಣ್ಣಿನ ಮಾಳಿಗೆಯವರಿಗೂ ಬಾಡಿಗೆದಾರರಿಗೂ ಶಾಲೆ, ಪಂಚಾಯತಿ ಕಟ್ಟಡಗಳ ಮೇಲಿನ ಫಲಕಗಳಲ್ಲಿ ಪಾಲು ಸಿಗಬೇಕು. ಬರುವ ಗ್ರಾಮಸಭೆಯಲ್ಲಿ ಈ ಠರಾವು ಮಂಡಿಸುತ್ತೇವೆ. ಮನೆಯ ಉತಾರ, ಕರೆಂಟಿನ ಬಿಲ್ಲು ಕೈಯಲ್ಲಿ ಹಿಡಿದು ಬನ್ನಿರಿ.